ಹಳತಾಗುವ ಭಾಗ್ಯ

ಬೆಂಗಳೂರಿನಲ್ಲಿ ಹಳೆಯ ಮನೆ ಕೆಡವುವಾಗ ಬಹುತೇಕ ಎಲ್ಲಕ್ಕೂ ಗಿರಾಕಿ ಇರುತ್ತಾರೆ. ಬಾಗಿಲು, ಕಿಟಕಿ, ತೊಲೆ, ಜಂತೆಗಳನ್ನು ಹಳೇ ಮರದ ವ್ಯಾಪಾರಿ ಒಯ್ಯುತ್ತಾನೆ. ಕಬ್ಬಿಣ ಕಿಲೋ ಲೆಕ್ಕದಲ್ಲಿ ಹೋಗುತ್ತದೆ. ಮಂಗಳೂರು ಹೆಂಚಿಗೂ ಈಗ ಬೇಡಿಕೆ ಬಂದಿದೆ, ಯಾವುದೋ ಕೆಫೆಯ ಮಾಡಿಗೆ ಬೇಕಾಗುತ್ತದೆ. ಯಾರಿಗೂ ಬೇಡವಾಗಿ ಕೊನೆಗೆ ಉಳಿಯುವುದು ಅಡುಗೆಮನೆಯ ಒರಳುಕಲ್ಲು. ಫ್ಲ್ಯಾಟಿಗೆ ಹೋಗುವವರು ಅದನ್ನು ಹೊತ್ತೊಯ್ಯಲಾರರು. ಒಡೆದು ಜಲ್ಲಿ ಮಾಡೋಣವೆಂದರೆ ಮನಸ್ಸು ಒಪ್ಪುವುದಿಲ್ಲ, ಮದುವೆ ಮುಂಜಿಗಳಲ್ಲಿ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದ ಕಲ್ಲು ಅದು. ಹಾಗಾಗಿ ಫುಟ್‌ಪಾತಿನ ಅಂಚಿಗೋ ಮರದ ಬುಡಕ್ಕೋ ಉರುಳಿಸಿ ಹೋಗುತ್ತಾರೆ. ಮಳೆ ಬಂದರೆ ಗುಳಿಯಲ್ಲಿ ನೀರು ನಿಲ್ಲುತ್ತದೆ, ಬೀದಿನಾಯಿ ಬಂದು ಕುಡಿಯುತ್ತದೆ.

ಇಂಥ ನೂರಕ್ಕೂ ಹೆಚ್ಚು ಕಲ್ಲುಗಳನ್ನು ಕಲಾವಿದೆ ಶೀಲಾ ಗೌಡ ಮತ್ತು ಕ್ರಿಸ್ಟಫ್ ಸ್ಟೋರ್ಜ್ ಬೆಂಗಳೂರಿನಿಂದ ಕೊಚ್ಚಿಗೆ ಸಾಗಿಸಿದರು. 2012ರ ಡಿಸೆಂಬರ್ 12ರಂದು ಶುರುವಾದ ಮೊದಲ ಕೊಚ್ಚಿ-ಮುಜಿರಿಸ್ ಬಿನಾಲೆಯಲ್ಲಿ, ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸಿನ ಆವರಣದಲ್ಲಿ ಅವನ್ನು ಹರಡಿದರು. ಕೃತಿಯ ಹೆಸರು ‘ಸ್ಟಾಪ್‌ಓವರ್’. ದಾರಿಯಲ್ಲಿ ಒಂದಿಷ್ಟು ಹೊತ್ತು ಇಳಿದುಕೊಳ್ಳುವ ತಂಗುದಾಣ. ಊರು ಬಿಟ್ಟು ಊರಿಗೆ ಬಂದ ನಮ್ಮಂಥವರಿಗೆ ಈ ಪದ ವಿವರಿಸಿ ಹೇಳಬೇಕಾಗಿಲ್ಲ.

ಹಳೆಯ ಕಟ್ಟಡದಲ್ಲಿ ಉಳಿದ ಗುರುತುಗಳನ್ನು ಹಿಡಿದು ಕಲೆ ಮಾಡುವುದು ಈಗ ಒಂದು ರೂಢಿಯೇ ಆಗಿದೆ. ಮುಚ್ಚಿದ ಗಿರಣಿ, ಪಾಳು ಬಿದ್ದ ಗೋದಾಮು, ಯಾರೂ ವಾಸವಿಲ್ಲದ ಬಂಗಲೆ ಸಿಕ್ಕಿದರೆ ಸಾಕು, ಅಲ್ಲೊಂದು ಪ್ರದರ್ಶನ ಏಳುತ್ತದೆ. ಕಿತ್ತುಬಂದ ಸುಣ್ಣ, ಕ್ಯಾಲೆಂಡರ್ ತೂಗಿದ್ದ ಮೊಳೆ, ಗೋಡೆಯಲ್ಲಿ ಕೊಠಡಿಯ ನೆರಳಿನಂತೆ ಉಳಿದ ಬೀರುವಿನ ಆಕಾರ, ಇವುಗಳ ಫೋಟೊ, ಅಚ್ಚು, ಉಜ್ಜುಚಿತ್ರಗಳು. ಕನ್ನಡದಲ್ಲಿ ಇದಕ್ಕೊಂದು ತಮಾಷೆಯ ಅನುಕೂಲವಿದೆ. ಗೋಡೆಗೆ ಅಂಟಿದ್ದೂ ಕಲೆ, ಗ್ಯಾಲರಿಯಲ್ಲಿ ತೂಗಿದ್ದೂ ಕಲೆ. ಈ ಶ್ಲೇಷೆಯನ್ನು ಬಳಸಿಕೊಂಡು ಬರೆದ ಪ್ರದರ್ಶನ ಟಿಪ್ಪಣಿಗಳನ್ನು ನಾನು ಸಾಕಷ್ಟು ಓದಿದ್ದೇನೆ, ಇನ್ನು ಸಾಕು ಅನ್ನಿಸುವಷ್ಟು. ಆದರೆ ಅವುಗಳಲ್ಲಿ ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ: ಯಾವ ಕಟ್ಟಡಗಳಿಗೆ ಹಳತಾಗುವ ಅವಕಾಶ ಸಿಗುತ್ತದೆ? ಗೋಡೆಯ ಮೇಲೆ ಗುರುತು ಉಳಿಯಬೇಕಾದರೆ ಮೊದಲು ಗೋಡೆ ಉಳಿಯಬೇಕು. ಉತ್ತರ ಚೆನ್ನೈನ ಕಾಸಿಮೇಡಿನ ಹತ್ತಿರ ಬಾಡಿಗೆಗಿರುವ ನನಗೆ ಈ ಪ್ರಶ್ನೆ ಪುಸ್ತಕದ್ದಲ್ಲ. ಕಾಸಿಮೇಡಿಗೆ ಆಮೇಲೆ ಬರುತ್ತೇನೆ. ಮೊದಲು ಕಲ್ಲುಗಳ ಮಾತು ಮುಗಿಸಬೇಕು, ಏಕೆಂದರೆ ಈ ಪ್ರಶ್ನೆಯನ್ನು ನನಗೆ ಮೊದಲು ಕೇಳಿದ್ದು ಅವೇ.

‘ಸ್ಟಾಪ್‌ಓವರ್’ ಅನ್ನು ನಾನು ನೋಡಿರುವುದು ಛಾಯಾಚಿತ್ರಗಳಲ್ಲಿ. ಆಸ್ಪಿನ್‌ವಾಲ್ ಹೌಸ್ 1867ರಲ್ಲಿ ಜಾನ್ ಆಸ್ಪಿನ್‌ವಾಲ್ ಎಂಬ ಇಂಗ್ಲಿಷ್ ವರ್ತಕ ಶುರು ಮಾಡಿದ ಕಂಪನಿಯದು. ನೀರಿಗೆ ಮುಖ ಮಾಡಿದ ಕಚೇರಿ, ಗೋದಾಮುಗಳು. ಮೆಣಸು, ಶುಂಠಿ, ಅರಿಶಿನ, ಕೊಬ್ಬರಿ ಎಣ್ಣೆ, ನಾರು, ಕಾಫಿ ಎಲ್ಲ ಇಲ್ಲಿಂದ ಹಡಗು ಹತ್ತುತ್ತಿದ್ದವು. ಬಿನಾಲೆಯವರು ಬರುವ ಹೊತ್ತಿಗೆ ಕಟ್ಟಡ ಪಾಳು ಸುರಿಯುತ್ತಿತ್ತು. ಕಲಾವಿದರ ಕಣ್ಣಿಗೆ ಹಬ್ಬವಾಗುವಂಥ ಗೋಡೆಗಳು. ಅಲ್ಲಿಗೆ ಹೋದ ಯಾರಿಗೇ ಆದರೂ ಆ ಗೋಡೆಗಳನ್ನೇ ‘ಓದುವ’ ಆಸೆ ಹುಟ್ಟುವುದು ಸಹಜ.

ಶೀಲಾ ಗೌಡ ಆ ಗೋಡೆಗಳ ತಂಟೆಗೆ ಹೋಗಲಿಲ್ಲ. ಆ ಕಟ್ಟಡದಲ್ಲಿ ಇಲ್ಲದ ಗುರುತನ್ನು ಹೊರಗಿನಿಂದ ತಂದು ಅಲ್ಲಿ ಇಳಿಸಿದರು. ಆಸ್ಪಿನ್‌ವಾಲ್‌ನಲ್ಲಿ ಮೆಣಸು ಮೂಟೆಯಾಗಿ, ಲೆಕ್ಕದ ಪುಸ್ತಕದ ಸಾಲಾಗಿ ಹಾದುಹೋಯಿತು. ಅದೇ ಮೆಣಸು ಮನೆಯ ಒರಳಿನಲ್ಲಿ ಒಂದೊಂದು ಹಿಡಿಯಾಗಿ ಅರೆಯಿತು. ಮೂಟೆಯ ಚರಿತ್ರೆಗೆ ಗೋದಾಮು ಉಳಿದಿದೆ, ಕಂಪನಿಯ ಹೆಸರು ಉಳಿದಿದೆ, ಸ್ಥಾಪನೆಯ ಇಸವಿ ಉಳಿದಿದೆ. ಹಿಡಿಯ ಚರಿತ್ರೆಗೆ ಏನು ಉಳಿದಿದೆ ಅಂದರೆ ಕಲ್ಲಿನಲ್ಲಿ ಬಿದ್ದ ಗುಳಿ. ಒರಳು ಹೊಸದಾಗಿ ಬಂದಾಗ ಗುಳಿ ಇಷ್ಟು ಆಳ ಇರುವುದಿಲ್ಲ. ಇಡ್ಲಿಗೆ, ದೋಸೆಗೆ, ಚಟ್ನಿಗೆ, ಸಾರಿನ ಮಸಾಲೆಗೆ ದಿನಾ ಗುಂಡು ತಿರುಗಿಸಿ ತಿರುಗಿಸಿ ಕಲ್ಲು ಸವೆಯುತ್ತದೆ. ನುಣುಪಾಗಿ ಹೋದರೆ ಕಲ್ಲುಕುಟಿಗನನ್ನು ಕರೆದು ಉಳಿಯಿಂದ ಮತ್ತೆ ಒರಟು ಮಾಡಿಸಬೇಕು, ಆಗ ಇನ್ನಷ್ಟು ಆಳ. ಅಂದರೆ ಆ ಗುಳಿ ಒಂದು ಮನೆಯ ಮೂರು ನಾಲ್ಕು ತಲೆಮಾರಿನ ಹೆಂಗಸರ ತೋಳು ಮಾಡಿದ ಕೆತ್ತನೆ. ಯಾರೂ ಕೆತ್ತಬೇಕೆಂದು ಕೆತ್ತಿದ್ದಲ್ಲ. ಮಿಕ್ಸಿ ಬಂತು, ಆಮೇಲೆ ಕೊಯಮತ್ತೂರಿನ ಗ್ರೈಂಡರ್ ಬಂತು, ಕೆತ್ತನೆ ಅಲ್ಲಿಗೆ ನಿಂತಿತು. ಅದು ನಿಂತದ್ದು ಒಳ್ಳೆಯದೇ ಆಯಿತು. ಒರಳಿನ ಬಗ್ಗೆ ಹಂಬಲಿಸಿ ಬರೆಯುವವರಲ್ಲಿ ಹೆಚ್ಚಿನವರು ಆ ಗುಂಡನ್ನು ತಿರುಗಿಸಿದವರಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಶೀಲಾ ಅವರ ಕೃತಿಯಲ್ಲಿ ಆ ಹಂಬಲ ಇಲ್ಲ. ಅವರು ಕಲ್ಲನ್ನು ಪೀಠದ ಮೇಲೆ ಇಟ್ಟು ಬೆಳಕು ಬಿಡಲಿಲ್ಲ. ಅಜ್ಜಿಯ ಕತೆ ಅಂಟಿಸಲಿಲ್ಲ. ಫುಟ್‌ಪಾತಿನಲ್ಲಿ ಹೇಗೆ ಬಿದ್ದಿದ್ದವೋ ಅದೇ ಅನಾಥ ಭಂಗಿಯಲ್ಲಿ ಇಲ್ಲೂ ಬಂದು ಬಿದ್ದಿವೆ. ಭಾರವೇ ಅವುಗಳ ಮಾತು. ಹಳೆಯ ಮನೆಯಲ್ಲಿ ಹಗುರವಾದದ್ದು, ಮಾರಬಹುದಾದದ್ದು, ಅಂದ ಎನಿಸಿದ್ದು ಎಲ್ಲ ಇನ್ನೊಂದು ಮನೆ ಸೇರುತ್ತದೆ. ಮೈಮುರಿದು ದುಡಿದ ಗುರುತು ಮಾತ್ರ ಭಾರವಾಗಿ ಬೀದಿಗೆ ಬೀಳುತ್ತದೆ. ಇದನ್ನು ನಾನು ಬೇರೆ ಯಾವ ಕೃತಿಯಲ್ಲೂ ಇಷ್ಟು ನೇರವಾಗಿ ಕಂಡಿಲ್ಲ.

ನನಗೆ ಒಂದು ತಕರಾರೂ ಇದೆ. ಅಷ್ಟು ಕಲ್ಲುಗಳನ್ನು ಒಟ್ಟಿಗೆ ಹರಡಿದಾಗ ಅದೊಂದು ವಿನ್ಯಾಸವಾಗಿ ಕಾಣುತ್ತದೆ. ಚೌಕ, ಒಳಗೊಂದು ವೃತ್ತ, ಮತ್ತೆ ಚೌಕ, ಮತ್ತೆ ವೃತ್ತ. ಫೋಟೊದಲ್ಲಂತೂ ಎಲ್ಲ ಗುಳಿಯೂ ಒಂದೇ ಗುಳಿ. ಬಸವನಗುಡಿಯ ವಠಾರದ ಒರಳಿಗೂ ಶಿವಾಜಿನಗರದ ಮನೆಯ ಒರಳಿಗೂ ವ್ಯತ್ಯಾಸ ಉಳಿಯುವುದಿಲ್ಲ. ಅಡುಗೆಮನೆಗೆ ಯಾರು ಬರಬಹುದಿತ್ತು, ಯಾರು ಹಿತ್ತಿಲಿನಲ್ಲೇ ಕೂತು ಅರೆಯಬೇಕಿತ್ತು ಎಂಬ ಜಾತಿಯ ಲೆಕ್ಕವೂ ಆ ಕಲ್ಲುಗಳೊಳಗೆ ಇದೆ, ಅದು ಮೇಲೆ ಬರುವುದಿಲ್ಲ. ಬಿನಾಲೆಯ ಕಣ್ಣಿಗೆ ರಾಶಿ ಇಷ್ಟ. ಒಂದೊಂದೇ ಆಗಿ ನೋಡಲು ಅದಕ್ಕೆ ಪುರುಸೊತ್ತಿಲ್ಲ.

ಅದೇ ಬಿನಾಲೆಯಲ್ಲಿ, ಅದೇ ಆಸ್ಪಿನ್‌ವಾಲ್‌ನಲ್ಲಿ ವಿವಾನ್ ಸುಂದರಂ ಅವರ ‘ಬ್ಲ್ಯಾಕ್ ಗೋಲ್ಡ್’ ಇತ್ತು. ಪ್ರಾಚೀನ ಮುಜಿರಿಸ್ ಇದ್ದಿರಬಹುದಾದ ಪಟ್ಟಣಂ ಎಂಬಲ್ಲಿ ನಡೆದ ಉತ್ಖನನದ ಮಡಕೆ ಚೂರುಗಳಿಂದ ಒಂದು ನಗರವನ್ನು ಹರಡಿ, ಅದರ ಮೇಲೆ ನೀರು ಹರಿಸಿ ಚಿತ್ರೀಕರಿಸಿದ ಕೃತಿ. ಕಣ್ಣಿಗೆ ಬಹಳ ಸುಂದರ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನನ್ನ ಮಾತು ಸ್ಪಷ್ಟವಾಗುತ್ತದೆ. ಆ ಮಡಕೆ ಚೂರುಗಳನ್ನು ವಿದ್ವಾಂಸರು ಅಗೆದು ತೆಗೆದು, ಎಣಿಸಿ, ಪ್ರಾಚೀನ ಎಂದು ಒಪ್ಪಿದ್ದಾರೆ. ಒರಳುಕಲ್ಲಿಗೆ ಆ ಮಾನ್ಯತೆ ಇಲ್ಲ. ಅದು ಮ್ಯೂಸಿಯಮ್ಮಿಗೆ ಹೋಗುವಷ್ಟು ಹಳತಲ್ಲ, ಅಡುಗೆಗೆ ಬರುವಷ್ಟು ಹೊಸತೂ ಅಲ್ಲ. ಈ ನಡುವಿನ ಜಾಗದಲ್ಲೇ ಅತಿ ಹೆಚ್ಚು ವಸ್ತುಗಳು ಕಾಣೆಯಾಗುವುದು.

ಶೀಲಾ ಗೌಡ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತವರು. ಅವರ ಇನ್ನೊಂದು ಕೃತಿ, 2006ರ ‘ಡಾರ್ಕ್‌ರೂಮ್’, ಇದನ್ನೇ ಇನ್ನೊಂದು ತುದಿಯಿಂದ ಹಿಡಿಯುತ್ತದೆ. ರಸ್ತೆಗೆ ಡಾಂಬರು ಹಾಕುವ ಕೂಲಿಗಳು ಖಾಲಿ ಡಾಂಬರು ಡ್ರಮ್ಮುಗಳನ್ನು ಬಿಡಿಸಿ ತಗಡು ಮಾಡಿ ಗುಡಿಸಲು ಕಟ್ಟಿಕೊಳ್ಳುತ್ತಾರಲ್ಲ, ಆ ಡ್ರಮ್ಮು ಮತ್ತು ತಗಡುಗಳಿಂದ ಕಟ್ಟಿದ ಕೋಣೆ ಅದು. ತೆವಳಿಕೊಂಡು ಒಳಗೆ ಹೋಗಬೇಕು. ಒಳಗೆ ಕತ್ತಲು, ಮಾಡಿನ ಸಣ್ಣ ತೂತುಗಳಿಂದ ನಕ್ಷತ್ರಗಳಂತೆ ಬೆಳಕು. ರಸ್ತೆ ಮುಗಿದ ದಿನವೇ ಮಡಚಿ ಹೊರಡುವ ಮನೆಗೆ ಗೋಡೆಯ ಕಲೆ ಎಲ್ಲಿಂದ ಬರಬೇಕು? ಅದು ಹಳತಾಗುವುದೇ ಇಲ್ಲ. ಆಸ್ಪಿನ್‌ವಾಲ್ ಹಳತಾಯಿತು, ಈ ಮನೆಗೆ ಆ ಭಾಗ್ಯ ಇಲ್ಲ.

ಈಗ ಚೆನ್ನೈಗೆ ಬರುತ್ತೇನೆ. ಇಲ್ಲಿ ಹಳೆಯ ಕಟ್ಟಡದಲ್ಲಿ ಕಲೆ ಎಂದರೆ ನನಗೆ ನೆನಪಾಗುವುದು ಇನ್ನೊಬ್ಬ ಕನ್ನಡತಿ, ಬೆಂಗಳೂರಿನ ಪುಷ್ಪಮಾಲಾ ಎನ್. 2019ರ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ನಡೆದ ಎರಡನೇ ಚೆನ್ನೈ ಫೋಟೊ ಬಿನಾಲೆಗೆ ಅವರು ಕಲಾ ನಿರ್ದೇಶಕಿ. ಮುಖ್ಯ ಸ್ಥಳಗಳಲ್ಲೊಂದು ಮರೀನಾಕ್ಕೆ ಎದುರಾಗಿರುವ ಮದರಾಸು ವಿಶ್ವವಿದ್ಯಾಲಯದ ಸೆನೆಟ್ ಹೌಸ್. ರಾಬರ್ಟ್ ಚಿಸಂ ವಿನ್ಯಾಸ ಮಾಡಿದ, 1874ರಿಂದ 1879ರವರೆಗೆ ಕಟ್ಟಿದ ಇಂಡೋ-ಸಾರ್ಸೆನಿಕ್ ಕಟ್ಟಡ. ಮೂಲೆ ಗೋಪುರಗಳು, ಬಣ್ಣದ ಗಾಜು, ದೊಡ್ಡ ಸಭಾಂಗಣ. ಹೆಚ್ಚಾಗಿ ಮುಚ್ಚಿಯೇ ಇರುವ ಆ ಬಾಗಿಲು ಕಲೆಯ ನೆಪದಲ್ಲಿ ತೆರೆಯಿತಲ್ಲ ಎಂದು ಊರಿನ ಜನ ಖುಷಿಯಿಂದ ಬಂದರು. ಬಂದವರು ಪ್ರದರ್ಶನದ ಫೋಟೊಗಳಿಗಿಂತ ಕಟ್ಟಡದ ಫೋಟೊವನ್ನೇ ಹೆಚ್ಚು ತೆಗೆದುಕೊಂಡರು ಅನ್ನಿಸುತ್ತದೆ. ಹಾಗೆ ಆದದ್ದು ಪ್ರದರ್ಶನದ ಸೋಲು ಅಂತ ನಾನು ಹೇಳುವುದಿಲ್ಲ. ಸ್ಟುಡಿಯೋ ಪರದೆ, ವೇಷಭೂಷಣ, ಹಳೆಯ ಚಿತ್ರಗಳ ಮರುನಟನೆ ಇವುಗಳಲ್ಲೇ ವರ್ಷಗಟ್ಟಲೆ ಕೆಲಸ ಮಾಡಿರುವ ಪುಷ್ಪಮಾಲಾ ಅವರಿಗೆ, ಇಂಥ ಕಟ್ಟಡವೂ ಒಂದು ವೇಷವೇ ಎಂಬುದು ಎಲ್ಲರಿಗಿಂತ ಚೆನ್ನಾಗಿ ಗೊತ್ತು. ನನ್ನ ಯೋಚನೆ ಬೇರೆ ಕಡೆ ಹೋಯಿತು. ಆ ಕಟ್ಟಡ ಅಷ್ಟು ಸುಭದ್ರವಾಗಿ ಸಮುದ್ರದಿಂದ ಅಷ್ಟು ದೂರ ಹೇಗೆ ನಿಂತಿದೆ?

ಉತ್ತರ ಬಂದರಿನಲ್ಲಿದೆ. ಮದರಾಸು ಬಂದರಿನ ಕೆಲಸ ಶುರುವಾದದ್ದು 1870ರ ದಶಕದಲ್ಲಿ, ಸೆನೆಟ್ ಹೌಸ್ ಏಳುತ್ತಿದ್ದ ಹೊತ್ತಿನಲ್ಲೇ. ಈ ಕರಾವಳಿಯಲ್ಲಿ ಅಲೆಗಳು ವರ್ಷದ ಒಟ್ಟು ಲೆಕ್ಕದಲ್ಲಿ ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ಸಾಗಿಸುತ್ತವೆ. ಸಮುದ್ರದೊಳಕ್ಕೆ ಚಾಚಿದ ಬಂದರಿನ ಕಲ್ಲಿನ ತೋಳುಗಳು ಆ ಮರಳಿನ ದಾರಿಗೆ ಅಡ್ಡ ನಿಂತವು. ತಡೆದ ಮರಳು ದಕ್ಷಿಣದಲ್ಲಿ ತುಂಬಿ ಮರೀನಾ ಅಗಲವಾಗುತ್ತ ಹೋಯಿತು. ಉತ್ತರಕ್ಕೆ ಸಿಗಬೇಕಿದ್ದ ಮರಳು ಸಿಗಲಿಲ್ಲ. ರಾಯಪುರ, ಕಾಸಿಮೇಡು, ತಿರುವೊಟ್ರಿಯೂರಿನ ಕಡೆ ಸಮುದ್ರ ದಂಡೆಯನ್ನು ತಿನ್ನತೊಡಗಿತು. ಮೀನುಗಾರರ ಕುಪ್ಪಂಗಳ ಮನೆಗಳು, ಬಲೆ ಒಣಗಿಸುವ ಜಾಗ, ಬೀದಿಗೆ ಬೀದಿಯೇ ನೀರಿಗೆ ಹೋದವು. ಇವತ್ತು ಅಲ್ಲಿ ಕಾಣುವುದು ಸಮುದ್ರವನ್ನು ತಡೆಯಲು ಸುರಿದ ಕರಿಕಲ್ಲಿನ ಬಂಡೆಗಳ ಸಾಲು.

ಈ ಎರಡು ಚಿತ್ರಗಳನ್ನು ಒಂದೇ ಚೌಕಟ್ಟಿನಲ್ಲಿ ಇಡಬೇಕು. ಸೆನೆಟ್ ಹೌಸಿನ ಗೋಡೆಗೆ ವಯಸ್ಸಾಗಲು ಬಿಟ್ಟ ಮರಳು ಕಾಸಿಮೇಡಿನ ಕಡೆಗೆ ಹೋಗಬೇಕಾಗಿದ್ದ ಮರಳು. ಒಂದು ಕಡೆ 140 ವರ್ಷದ ಗುರುತುಗಳನ್ನು ನಾವು ಟಿಕೆಟ್ಟಿಲ್ಲದೆ ನೋಡಿ ಬರುತ್ತೇವೆ. ಇನ್ನೊಂದು ಕಡೆ ಗುರುತು ಬೀಳಲು ಗೋಡೆಯೇ ಇಲ್ಲ. ಹಳೆಯ ಕಟ್ಟಡದಿಂದ ಸ್ಫೂರ್ತಿ ಪಡೆದೆ ಎಂದು ಹೇಳುವ ಕಲಾವಿದರು ಆ ಕಟ್ಟಡ ಉಳಿಯಲು ಏನೇನು ಅಳಿಯಿತು ಎಂದು ಕೇಳಿಕೊಳ್ಳದಿದ್ದರೆ, ಅವರ ಕೆಲಸ ಎಷ್ಟೇ ಸೂಕ್ಷ್ಮವಾಗಿರಲಿ, ಉಳಿದವರ ಆಸ್ತಿಪಟ್ಟಿಯಾಗಿಬಿಡುತ್ತದೆ.

ರಾಯಪುರದಲ್ಲೇ 1856ರ ರೈಲು ನಿಲ್ದಾಣ ಇದೆ, ದಕ್ಷಿಣ ಭಾರತದಲ್ಲಿ ಉಳಿದಿರುವ ಅತಿ ಹಳೆಯ ನಿಲ್ದಾಣ. ಅದರ ಕಂಬಗಳ ಚಿತ್ರ ಬರೆದವರು, ಫೋಟೊ ತೆಗೆದವರು ಬೇಕಾದಷ್ಟು ಜನ. ತೆಗೆಯಲಿ, ಚೆಂದದ ಕಟ್ಟಡ. ಅಲ್ಲಿಂದ ಸ್ವಲ್ಪ ನಡೆದು ಕಾಸಿಮೇಡಿನ ಮೀನು ಬಂದರಿಗೆ ಬಂದಾಗ ಮಾತ್ರ ನನಗೆ ಕಷ್ಟವಾಗುತ್ತದೆ. ಭಾನುವಾರ ಬೆಳಗಿನ ಜಾವ ವಂಜರಂ ಕೊಳ್ಳಲು (ನಮ್ಮ ಕರಾವಳಿಯವರ ಅಂಜಲ್) ಬಂದವರ ನಡುವೆ ಕೊರಳಿಗೆ ಕ್ಯಾಮೆರಾ ತೂಗಿಸಿಕೊಂಡವರೂ ಇರುತ್ತಾರೆ, ಅವರಲ್ಲಿ ನಮ್ಮ ಕನ್ನಡ ಬಳಗದ ಹುಡುಗರು, ಹುಡುಗಿಯರೂ ಕೆಲವರು. ಉಪ್ಪು ತಿಂದ ಗೋಡೆ, ತುಕ್ಕು ಹಿಡಿದ ಸರಳು, ಕಂಬದ ಮೇಲೆ ಅರ್ಧ ಅಳಿಸಿದ ಅಂಕಿಗಳು, ಎಣ್ಣೆ ಕೈ ಒರೆಸಿದ ಗುರುತು. ಕೆಲವು ಚಿತ್ರಗಳು ನಿಜಕ್ಕೂ ಚೆನ್ನಾಗಿವೆ. ಆದರೆ ಎಲ್ಲದರಲ್ಲೂ ಜನ ಬಿಟ್ಟುಹೋದ ಜಾಗದ ಮೌನ ಇದೆ. ಜನ ಬಿಟ್ಟುಹೋಗಿಲ್ಲ. ಚಿತ್ರ ತೆಗೆಯುವವರ ಬೆನ್ನಿಗೇ ನಿಂತು, ಐಸಿನ ಗಾಡಿಗೆ ದಾರಿ ಬಿಡಿ ಅಂತ ಕೂಗುತ್ತಿದ್ದಾರೆ.

ಗೆಳೆಯರೊಬ್ಬರು ಅಂಥ ಒಂದು ಕಂಬಕ್ಕೆ ತೆಳು ಕಾಗದ ಒತ್ತಿ ಇದ್ದಿಲಿನಿಂದ ಉಜ್ಜಿ ಚಿತ್ರ ತೆಗೆದರು. ಗೀಚಿದ ಅಂಕಿಗಳು, ಗೆರೆಗಳು ಎಲ್ಲ ಕಾಗದಕ್ಕೆ ಬಂದವು. ಪಕ್ಕದಲ್ಲಿ ಐಸ್ ಕುಟ್ಟುತ್ತಿದ್ದ ಹಿರಿಯರು ಸ್ವಲ್ಪ ಹೊತ್ತು ನೋಡಿ ಹೇಳಿದರು: “ಅದು ಪಾಕ್ಕಿ ಸಾರ್. ಇನ್ನುಂ ತೀರಲೆ.” ನಮ್ಮ ಬಾಕಿಯೇ ಅವರ ಪಾಕ್ಕಿ. ಯಾವುದೋ ಬೋಟಿನವರು ಕೊಡಬೇಕಾದ ಲೆಕ್ಕ ಅದು. ಗೆಳೆಯರು ಚಿತ್ರಕ್ಕೆ ಮೊದಲು ‘ಕುರುಹು’ ಎಂದು ಹೆಸರಿಡುವುದರಲ್ಲಿದ್ದರು. ಆಮೇಲೆ ಇಟ್ಟ ಹೆಸರು ‘ಬಾಕಿ’. ಇಡೀ ಕೃತಿ ಬದಲಾಯಿತು ಅಂತ ನನಗನ್ನಿಸಿತು, ಒಂದು ಗೆರೆಯನ್ನೂ ತಿದ್ದದೆ. ಕುರುಹು ಎಂದ ಕೂಡಲೇ ಒಡೆಯ ಹೋಗಿಯಾಯಿತು ಎಂದರ್ಥ. ಬಾಕಿ ಎಂದರೆ ಯಾರೋ ಇನ್ನೂ ಕಾಯುತ್ತಿದ್ದಾರೆ.

ಇದರ ಜೊತೆ ಲಂಡನ್ನಿನ ಒಂದು ಪ್ರಸಿದ್ಧ ಕೃತಿಯನ್ನೂ ನೋಡಬಹುದು. ರೇಚಲ್ ವೈಟ್‌ರೀಡ್ 1993ರಲ್ಲಿ ಪೂರ್ವ ಲಂಡನ್ನಿನ ಗ್ರೋವ್ ರಸ್ತೆಯ ಒಂದು ಹಳೆಯ ಮನೆಯ ಒಳಗೆಲ್ಲ ಕಾಂಕ್ರೀಟ್ ತುಂಬಿಸಿ, ಆಮೇಲೆ ಹೊರಗಿನ ಗೋಡೆಗಳನ್ನು ಕಿತ್ತುಹಾಕಿದರು. ಮನೆಯೊಳಗಿನ ಗಾಳಿಯೇ ಗಟ್ಟಿಯಾದಂತೆ ‘ಹೌಸ್’ ನಿಂತಿತು. ಸಾಲಿನ ಉಳಿದೆಲ್ಲ ಮನೆಗಳನ್ನು ಕೆಡವಿದ ಮೇಲೂ ಅಲ್ಲಿಂದ ಏಳಲು ಒಪ್ಪದ ಕೊನೆಯ ನಿವಾಸಿ ಹಡಗುಕಟ್ಟೆಯ ನಿವೃತ್ತ ಕೆಲಸಗಾರ. ವೈಟ್‌ರೀಡ್‌ಗೆ ಟರ್ನರ್ ಪ್ರಶಸ್ತಿ ಬಂದ ದಿನವೇ ಅಲ್ಲಿನ ಸ್ಥಳೀಯ ಆಡಳಿತ ಕೃತಿಯನ್ನು ಉಳಿಸಿಕೊಳ್ಳುವುದಿಲ್ಲ ಎಂದು ತೀರ್ಮಾನಿಸಿತು, 1994ರ ಜನವರಿಯಲ್ಲಿ ಅದನ್ನು ಕೆಡವಿದರು. ಕೃತಿ ದೊಡ್ಡದೇ. ಆದರೆ ನನಗೆ ಸದಾ ಕಾಡುವುದು ಆ ಹಡಗುಕಟ್ಟೆಯ ಮುದುಕ. ಆತ ಎದ್ದು ಹೋಗುವವರೆಗೆ ಆ ಮನೆ ಕಲೆಯಾಗುವಂತಿರಲಿಲ್ಲ.

ಉತ್ತರ ಮದರಾಸಿನ ಗೋಡೆಯನ್ನು ಸರಿಯಾಗಿ ಕಂಡ ಕೃತಿ ಬೇಕೆಂದರೆ ನಾನು ಗ್ಯಾಲರಿಗೆ ಹೋಗುವುದಿಲ್ಲ, ಪಾ. ರಂಜಿತ್ ಅವರ 2014ರ ‘ಮದ್ರಾಸ್’ ಸಿನಿಮಾಕ್ಕೆ ಹೋಗುತ್ತೇನೆ. ಹೌಸಿಂಗ್ ಬೋರ್ಡಿನ ವಸತಿಯ ಒಂದು ದೊಡ್ಡ ಗೋಡೆ, ಅದರ ಮೇಲೆ ರಾಜಕೀಯ ನಾಯಕನ ಮುಖ. ಆ ಗೋಡೆ ಯಾರದು ಎಂಬುದಕ್ಕೆ ಎರಡು ಬಣಗಳು ಹೊಡೆದಾಡುತ್ತವೆ, ಹೆಣ ಬೀಳುತ್ತವೆ. ಜನ ಬದುಕಿರುವ ಕಡೆ ಗೋಡೆ ನೆನಪಿನ ವಸ್ತುವಲ್ಲ, ಜಗಳದ ವಸ್ತು. ರಂಜಿತ್ ಅದನ್ನು ಒಂದು ಪಾತ್ರದಂತೆ ನಿಲ್ಲಿಸುತ್ತಾರೆ, ಕೊಂಚ ಅತಿಯಾಗಿಯೇ. ಗೋಡೆಗೆ ಭೂತದ ಕಳೆ ಕಟ್ಟಿದ್ದು ಬೇಕಿರಲಿಲ್ಲ ಎಂದು ನನ್ನ ಅಭಿಪ್ರಾಯ. ಆದರೆ ಅದರ ಮೇಲಿನ ಬಣ್ಣ ಒಣಗಿ ಹಳತಾಗಲು ಅಲ್ಲಿ ಯಾರೂ ಬಿಡುವುದಿಲ್ಲ ಎಂಬುದನ್ನು ಸಿನಿಮಾ ಮರೆಯುವುದಿಲ್ಲ.

ಕಾಸಿಮೇಡಿನಲ್ಲಿ ಚಿತ್ರ ಬರೆಯಲು ಹೊರಟವರಿಗೆ ಇದರಿಂದ ಏನು ಸಿಗುತ್ತದೆ? ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಪ್ರತಿವರ್ಷ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಈ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಮೀನು ಹಿಡಿಯುವಂತಿಲ್ಲ, ಮೀನು ಮರಿ ಮಾಡುವ ಕಾಲ. ಬೋಟುಗಳು ಒತ್ತಾಗಿ ಕಟ್ಟಿಕೊಂಡು ನಿಂತಿರುತ್ತವೆ, ಎಂದಿನ ಗಲಾಟೆ ಅರ್ಧಕ್ಕೂ ಕಮ್ಮಿ. ಗೋಡೆಗಳು ಚೆನ್ನಾಗಿ ಕಾಣುವುದು ಆಗಲೇ, ಕ್ಯಾಮೆರಾಗಳು ಹೆಚ್ಚು ಬರುವುದೂ ಆಗಲೇ. ಬಿಟ್ಟುಹೋದ ಬಂದರಿನ ಹಾಗೆ ಇರುತ್ತದೆ. ಬೋಟಿನ ಹೊಟ್ಟೆಯೊಳಗೆ ಇಳಿದು ನೋಡಿದರೆ ಎಂಜಿನ್ ಬಿಚ್ಚಿ ಹಾಕಿಕೊಂಡು ಇಬ್ಬರು ಕೂತಿರುತ್ತಾರೆ. ನೆರಳಿನಲ್ಲಿ ಬಲೆ ಹೆಣೆಯುವವರು, ಮರದ ಸಂದಿಗೆ ಹತ್ತಿ ತುಂಬುವವರು, ಹೊಸ ಬಣ್ಣ ಬಳಿಯುವವರು. ಬಳಿದು ಉಳಿದ ಬಣ್ಣವನ್ನು ಕುಂಚದಿಂದ ಪಕ್ಕದ ಗೋಡೆಗೆ ಒರೆಸುತ್ತಾರೆ, ಪ್ರತಿವರ್ಷ ಅದೇ ಜಾಗದಲ್ಲಿ, ಹಳೆಯದರ ಮೇಲೆ ಹೊಸದು. ನಮ್ಮವರ ಚಿತ್ರಗಳಲ್ಲಿ ಆ ಬಣ್ಣದ ಪದರಗಳು ಬಹಳ ಸಲ ಬಂದಿವೆ. ಕುಂಚ ಹಿಡಿದ ಕೈ ಇನ್ನೂ ಒಂದು ಸಲವೂ ಬಂದಿಲ್ಲ.